ಮದುವೆ ಫೋಟೋ: ಕ್ಯಾಮೆರಾ ಕಾರ್ಡ್‌ನಿಂದ ಆನ್‌ಲೈನ್ ಗ್ಯಾಲರಿವರೆಗೆ

ಮದುವೆ ಮುಗಿದು ಸ್ವಲ್ಪ ದಿನವಾಗುವಷ್ಟರಲ್ಲಿ ಫೋಟೋ ತೆಗೆದವರಿಗೆ ಮೂರು ಪ್ರಶ್ನೆ ಬಂದೇ ಬರುತ್ತವೆ. ಫೋಟೋ ಯಾಕಿನ್ನೂ ಬಂದಿಲ್ಲ? ತೆಗೆದದ್ದನ್ನೆಲ್ಲ ಹಾಗೇ ಕೊಟ್ಟುಬಿಡಬಾರದಾ? ಮೊಬೈಲಿನಲ್ಲಿ ಅಷ್ಟು ಚೆನ್ನಾಗಿ ಕಂಡ ಫೋಟೋ, ದೊಡ್ಡ ಪ್ರಿಂಟ್ ಹಾಕಿಸಿದಾಗ ಯಾಕೆ ಮಸುಕಾಯಿತು?

ಮೂರೂ ನ್ಯಾಯವಾದ ಪ್ರಶ್ನೆಗಳೇ. ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ನಾವು ಒಂದು ಫೋಟೋ ಎಂದು ಕರೆಯುವುದು ನಿಜವಾಗಿ ಮೂರು ಫೈಲ್‌ಗಳು. ಕ್ಯಾಮೆರಾದಿಂದ ಬಂದ ಮೂಲ ಫೈಲ್ ಒಂದು. ತಿದ್ದಿ ಸಿದ್ಧವಾದ ಪೂರ್ತಿ ಅಳತೆಯ ಪ್ರತಿ ಇನ್ನೊಂದು. ಪರದೆ ಮೇಲೆ ನೋಡಲು, ಹಂಚಲು ಮಾಡಿದ ಚಿಕ್ಕ ಪ್ರತಿ ಮತ್ತೊಂದು. ಒಂದು ಮಾಡಬೇಕಾದ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದಾಗಲೇ ಬಹುಪಾಲು ತೊಂದರೆ ಶುರುವಾಗುವುದು. ಫೋಟೋ ತೆಗೆದವರಿಗೂ, ಫೋಟೋಗಾಗಿ ಕಾಯುತ್ತಿರುವ ಮನೆಯವರಿಗೂ ಇದು ಗೊತ್ತಿದ್ದರೆ ಎಷ್ಟೋ ಬೇಸರ ತಪ್ಪುತ್ತದೆ.

ಮೂಲ ಫೈಲಿನಲ್ಲಿ ಏನಿರುತ್ತದೆ

ಕ್ಯಾಮೆರಾದ ಸೆನ್ಸರ್‌ಗೆ ತಾನಾಗಿ ಬಣ್ಣ ಗೊತ್ತಾಗುವುದಿಲ್ಲ. ಎಷ್ಟು ಬೆಳಕು ಬಿತ್ತು ಎನ್ನುವುದಷ್ಟೇ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಪಿಕ್ಸೆಲ್ (ಚಿತ್ರದ ಒಂದೊಂದು ಚುಕ್ಕೆ) ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಪುಟ್ಟ ಫಿಲ್ಟರ್ ಕೂರಿಸಿರುತ್ತಾರೆ. ಅರ್ಧ ಭಾಗ ಹಸಿರು. ಉಳಿದರ್ಧದಲ್ಲಿ ಕೆಂಪು, ನೀಲಿ ಸಮಪಾಲು. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಅವರ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿನ ಹೆಚ್ಚಿನ ಕ್ಯಾಮೆರಾಗಳಲ್ಲೂ ಇರುವುದು ಇದೇ. ಸೆನ್ಸರ್ ಅಳೆದ ಈ ಲೆಕ್ಕವನ್ನು ಹೆಚ್ಚೇನೂ ಬದಲಿಸದೆ ಬರೆದಿಟ್ಟರೆ ಅದು ರಾ ಫೈಲ್. ಕ್ಯಾಮೆರಾವೇ ಬಣ್ಣ, ಕಾಂಟ್ರಾಸ್ಟ್ ಎಲ್ಲ ತೀರ್ಮಾನಿಸಿ, ತನಗೆ ಬೇಡವೆನಿಸಿದ್ದನ್ನು ಬಿಟ್ಟು, ಒತ್ತಿ ಚಿಕ್ಕದು ಮಾಡಿಕೊಟ್ಟರೆ ಅದು ಜೆಪೆಗ್.

ಇವೆರಡರ ನಡುವಿನ ಅಂತರ ಸಣ್ಣದಲ್ಲ. 14 ಬಿಟ್‌ನ ರಾ ಫೈಲ್ ಒಂದೊಂದು ಬಣ್ಣದಲ್ಲೂ ಕತ್ತಲಿನಿಂದ ಬೆಳಕಿನವರೆಗೆ 16,384 ಮೆಟ್ಟಿಲು ಗುರುತಿಸಬಲ್ಲದು. ಸಾಮಾನ್ಯ ಜೆಪೆಗ್‌ನಲ್ಲಿ ಆ ಮೆಟ್ಟಿಲು 256 ಮಾತ್ರ. ಮದುವೆ ಮನೆಯ ಒಳಗೆ ಬೆಳಕು ಕಮ್ಮಿ ಇದ್ದು ಮುಖ ಕಪ್ಪಾಗಿ ಬಂದಿದೆ ಎಂದುಕೊಳ್ಳಿ. ರಾ ಫೈಲಿನಲ್ಲಿ ಬೆಳಕು ಏರಿಸಿದರೆ ಮುಖ ನಯವಾಗಿ ಮೇಲೆ ಬರುತ್ತದೆ. ಜೆಪೆಗ್‌ನಲ್ಲಿ ಅಷ್ಟೇ ಏರಿಸಿದರೆ ಕೆನ್ನೆ, ಗೋಡೆ, ಆಕಾಶದ ಮೇಲೆಲ್ಲ ಪಟ್ಟೆ ಪಟ್ಟೆ ಕಾಣಿಸತೊಡಗುತ್ತದೆ. ಹಾಗೆಂದು ರಾ ಇದ್ದರೆ ಏನು ಬೇಕಾದರೂ ಸರಿಮಾಡಬಹುದು ಎಂದಲ್ಲ. ಬಿಳಿ ಬಟ್ಟೆಯ ಮೇಲೆ ಬೆಳಕು ವಿಪರೀತ ಬಿದ್ದು ಸೆನ್ಸರ್ ತುಂಬಿಹೋಗಿದ್ದರೆ, ಅಲ್ಲಿನ ನೇಯ್ಗೆ, ಮಡಿಕೆ ಯಾವ ಫೈಲಿನಲ್ಲೂ ಇರುವುದಿಲ್ಲ. ಇಲ್ಲದ್ದನ್ನು ಮರಳಿ ತರಲು ಆಗುವುದಿಲ್ಲ.

'ಎಡಿಟ್ ಏನೂ ಬೇಡ, ರಾ ಫೈಲ್‌ಗಳನ್ನೇ ಕೊಡಿ' ಎಂದು ಕೇಳುವವರು ಜಾಸ್ತಿ ಆಗುತ್ತಿದ್ದಾರೆ. ರಾ ಎಂದರೆ ಹೆಚ್ಚು ನಿಜವಾದ ಫೋಟೋ ಎಂಬ ನಂಬಿಕೆ ಅದರ ಹಿಂದಿದೆ. ಅದು ಸರಿಯಲ್ಲ. ರಾ ಇನ್ನೂ ಪೂರ್ತಿಯಾಗದ ಫೋಟೋ. ತೆರೆದ ಕೂಡಲೇ ಸಪ್ಪೆಯಾಗಿ, ಮಂಕಾಗಿ ಕಾಣುವುದೇ ಅದರ ಸ್ವಭಾವ. ಎಷ್ಟೋ ಮೊಬೈಲ್‌ಗಳಲ್ಲಿ ಸರಿಯಾಗಿ ತೆರೆಯುವುದೂ ಇಲ್ಲ. ಮೇಲಾಗಿ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದೊಂದು ರಾ ಫೈಲ್ ಸಾಮಾನ್ಯವಾಗಿ 25ರಿಂದ 50 ಎಂಬಿ ಇರುತ್ತದೆ. 4,000 ಫೋಟೋ ತೆಗೆದಿದ್ದರೆ 100 ಜಿಬಿ ದಾಟಿತು. ಎಡಿಟಿಂಗ್ ಗೊತ್ತಿರುವವರು, ಮುಂದೆಂದಾದರೂ ಹೊಸದಾಗಿ ತಿದ್ದಿಸಬೇಕು ಎನ್ನುವವರು ರಾ ಕೇಳುವುದರಲ್ಲಿ ಅರ್ಥವಿದೆ. ಅದನ್ನು ಮೊದಲೇ ಮಾತಾಡಿ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಫೋಟೋದ ಹಕ್ಕು ತೆಗೆದವರದೋ ತೆಗೆಸಿದವರದೋ ಎನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಬಾಯಿಮಾತಿಗಿಂತ ಬರಹ ಒಳ್ಳೆಯದು.

ಎಡಿಟಿಂಗ್ ಶುರುವಾಗುವ ಮೊದಲೇ ಮುಗಿಯಬೇಕಾದ ಕೆಲಸ

ಮದುವೆಯನ್ನು ಇನ್ನೊಮ್ಮೆ ತೆಗೆಯಲು ಬರುವುದಿಲ್ಲ. ಆದ್ದರಿಂದ ಮೊದಲ ಕೆಲಸ ನಕಲು. ಕಾರ್ಡ್‌ನಲ್ಲಿರುವುದನ್ನು ಎರಡು ಬೇರೆ ಡಿಸ್ಕ್‌ಗಳಿಗೆ ಹಾಕಿ, ಎರಡೂ ಕಡೆ ಫೈಲ್‌ಗಳು ಸರಿಯಾಗಿ ತೆರೆಯುತ್ತವೆಯೇ ನೋಡಿ, ಆಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್ ಮಾಡಬೇಕು. ಫೋಟೋಗ್ರಾಫರ್ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ನಿಯಮವನ್ನು ಈ ಕಸುಬಿನವರೆಲ್ಲ ಹೇಳುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಪ್ರತಿ ಬೇರೆ ಜಾಗದಲ್ಲಿ. ಮನೆಯಲ್ಲೇ ಮೂರು ಡಿಸ್ಕ್ ಇಟ್ಟರೆ, ಮನೆಗೆ ನೀರು ನುಗ್ಗಿದಾಗ ಮೂರೂ ಒಟ್ಟಿಗೆ ಹೋಗುತ್ತವೆ ಅಲ್ವಾ?

ಎರಡನೆಯದು ಗಡಿಯಾರ. ಇದನ್ನು ಮರೆತವರೇ ಜಾಸ್ತಿ. ಇಬ್ಬರು ಫೋಟೋಗ್ರಾಫರ್ ಇದ್ದು, ಒಬ್ಬರ ಕ್ಯಾಮೆರಾದ ಸಮಯ 7 ನಿಮಿಷ ಮುಂದಿದ್ದರೆ, ಗ್ಯಾಲರಿಯಲ್ಲಿ ಮದುಮಕ್ಕಳು ಒಳಗೆ ಬರುವ ಮೊದಲೇ ಜನ ಚಪ್ಪಾಳೆ ತಟ್ಟುತ್ತಿರುತ್ತಾರೆ. ಪ್ರತಿ ಫೋಟೋದ ಒಳಗೆ ಎಕ್ಸಿಫ್ ಎಂಬ ಮಾಹಿತಿ ಇರುತ್ತದೆ. ಯಾವ ಕ್ಯಾಮೆರಾ, ಯಾವ ಲೆನ್ಸ್, ಎಷ್ಟು ಹೊತ್ತಿಗೆ ತೆಗೆದದ್ದು ಎಲ್ಲ ಅದರಲ್ಲಿ ಬರೆದಿರುತ್ತದೆ. ಗ್ಯಾಲರಿ ಫೋಟೋಗಳನ್ನು ಜೋಡಿಸುವುದು ಹೆಚ್ಚಾಗಿ ಈ ಸಮಯ ನೋಡಿಯೇ. ಒಳ್ಳೆಯ ದಾರಿ ಎಂದರೆ ಬೆಳಿಗ್ಗೆಯೇ ಎಲ್ಲ ಕ್ಯಾಮೆರಾಗಳ ಗಡಿಯಾರ ಹೊಂದಿಸುವುದು. ಮರೆತಿದ್ದರೂ ದಾರಿ ಇದೆ. ಎರಡೂ ಕ್ಯಾಮೆರಾದಲ್ಲಿ ಸಿಕ್ಕ ಒಂದೇ ಕ್ಷಣದ ಫೋಟೋ ಹುಡುಕಿ, ಎಷ್ಟು ವ್ಯತ್ಯಾಸ ಎಂದು ನೋಡಿ, ಒಂದು ಕ್ಯಾಮೆರಾದ ಎಲ್ಲ ಫೋಟೋಗಳ ಸಮಯವನ್ನು ಅಷ್ಟು ಹಿಂದೆ ಸರಿಸಬಹುದು. ಹೆಚ್ಚಿನ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಈ ಸೌಲಭ್ಯ ಇದೆ.

ಆಯ್ಕೆ: ಯಾವುದನ್ನು ಇಡಬೇಕು

4,000 ಫೋಟೋಗಳನ್ನು 700ಕ್ಕೆ ಇಳಿಸಬೇಕು ಎಂದುಕೊಳ್ಳಿ. ಎಡಿಟಿಂಗ್‌ಗಿಂತ ಇದೇ ಕಷ್ಟದ ಕೆಲಸ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಬಣ್ಣವನ್ನು ನಾಳೆ ಬದಲಿಸಬಹುದು. ಆಯ್ಕೆಯಲ್ಲಿ ಬಿಟ್ಟುಹೋದ ಮುಖವನ್ನು ಮನೆಯವರು ನೋಡುವುದೇ ಇಲ್ಲ.

ಒಂದು ಗುಂಪು ಫೋಟೋವನ್ನು ಐದಾರು ಸಲ ತೆಗೆಯುತ್ತಾರೆ. ಪ್ರತಿ ಸಲವೂ ಯಾರೋ ಒಬ್ಬರು ಕಣ್ಣು ಮುಚ್ಚಿರುತ್ತಾರೆ, ಅದಕ್ಕೆ. ಆ ಆರನ್ನೂ ಕೊಟ್ಟರೆ ನೋಡುವವರಿಗೆ ಸಂತೋಷ ಹೆಚ್ಚುವುದಿಲ್ಲ, ಆಯ್ಕೆಯ ಹೊರೆ ಮಾತ್ರ ಅವರ ತಲೆಗೆ ಹೋಗುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ಕಣ್ಣು ಮುಚ್ಚಿದ್ದು, ಫೋಕಸ್ ತಪ್ಪಿದ್ದು, ಕೈ ಅಲುಗಿದ್ದು ಹೊರಗೆ. ಎರಡನೇ ಸುತ್ತಿನಲ್ಲಿ ಒಂದೇ ತರಹದವುಗಳಲ್ಲಿ ಒಳ್ಳೆಯದೊಂದು ಒಳಗೆ. ಈ ಎರಡು ಸುತ್ತಿನಲ್ಲಿ ಬಣ್ಣಕ್ಕೆ ಕೈ ಹಾಕಬಾರದು. ಆರಿಸುವ ಕಣ್ಣು ಬೇರೆ, ತಿದ್ದುವ ಕಣ್ಣು ಬೇರೆ. ಎರಡನ್ನೂ ಬೆರೆಸಿದರೆ ಎರಡೂ ನಿಧಾನವಾಗುತ್ತವೆ.

ಬೇಗ ಆರಿಸಲು ಒಂದು ಉಪಾಯ ಇದೆ. ಪ್ರತಿ ರಾ ಫೈಲಿನ ಒಳಗೂ ಕ್ಯಾಮೆರಾ ಒಂದು ರೆಡಿ ಜೆಪೆಗ್ ಚಿತ್ರ ಸೇರಿಸಿರುತ್ತದೆ. ಫೋಟೋ ಮೆಕ್ಯಾನಿಕ್‌ನಂತಹ ಸಾಫ್ಟ್‌ವೇರ್ ಆ ಒಳಗಿನ ಚಿತ್ರವನ್ನೇ ತೋರಿಸುತ್ತದೆ. ರಾ ಬಿಡಿಸುವ ತನಕ ಕಾಯಬೇಕಿಲ್ಲ. ಈಗ ಕಣ್ಣು ಮುಚ್ಚಿದ್ದು, ಮಸುಕಾದದ್ದನ್ನು ತಾನೇ ಗುರುತಿಸುವ ಎಐ ಸಾಧನಗಳೂ ಬಂದಿವೆ. ಮೊದಲ ಸುತ್ತಿಗೆ ಅವನ್ನು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಅವು ತೆಗೆದುಹಾಕಿದ್ದನ್ನು ಮನುಷ್ಯರೊಬ್ಬರು ಒಮ್ಮೆ ಕಣ್ಣಾಡಿಸಲೇಬೇಕು. ಜೋರಾಗಿ ನಗುವಾಗ ಕಣ್ಣು ಮುಚ್ಚುತ್ತದೆ, ಅಳುವಾಗಲೂ ಮುಚ್ಚುತ್ತದೆ. ಇಡೀ ದಿನದ ಅತ್ಯುತ್ತಮ ಫೋಟೋ ಅದೇ ಆಗಿರಬಹುದು.

ತಾಂತ್ರಿಕವಾಗಿ ಸೋತ ಫೋಟೋಗಳಲ್ಲೂ ಕೆಲವನ್ನು ಇಟ್ಟುಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಯಸ್ಸಾದ ಅಜ್ಜಿ ಸ್ವಲ್ಪ ಹೊತ್ತು ಮಾತ್ರ ಬಂದು ಹೋಗಿದ್ದಾರೆ. ಅವರದು ಸಿಕ್ಕಿದ್ದು ಒಂದೇ ಫೋಟೋ, ಅದೂ ಕೊಂಚ ಮಸುಕು. ಅದನ್ನು ತೆಗೆದುಹಾಕಬಾರದು. ಮದುವೆಯ ಗ್ಯಾಲರಿ ಫೋಟೋಗ್ರಾಫರ್‌ನ ಕೌಶಲದ ಪ್ರದರ್ಶನ ಅಲ್ಲ. ಅಂದು ಯಾರ್ಯಾರು ಬಂದಿದ್ದರು ಎನ್ನುವುದಕ್ಕೆ ಮನೆಯವರ ಬಳಿ ಉಳಿಯುವ ದಾಖಲೆ ಅದು. ಆಯ್ಕೆ ಮುಗಿದ ಮೇಲೆ, ಬಂದವರಲ್ಲಿ ಯಾರೂ ಪೂರ್ತಿ ಬಿಟ್ಟುಹೋಗಿಲ್ಲವೇ ಎಂದು ಇನ್ನೊಮ್ಮೆ ಮುಖಗಳಿಗಾಗಿಯೇ ನೋಡುವುದು ಒಳ್ಳೆಯದು.

ಬಣ್ಣ ಮತ್ತು ಬೆಳಕು

ಈಗಿನ ಎಡಿಟಿಂಗ್ ಸಾಫ್ಟ್‌ವೇರ್‌ಗಳು ಮೂಲ ಫೈಲನ್ನು ಮುಟ್ಟುವುದಿಲ್ಲ. 2007ರಲ್ಲಿ ಮೊದಲು ಬಂದ ಲೈಟ್‌ರೂಮ್ ಇರಲಿ, ಕ್ಯಾಪ್ಚರ್ ಒನ್ ಇರಲಿ, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್, ರಾಥೆರಪಿ ಇರಲಿ, ಎಲ್ಲದರದ್ದೂ ಒಂದೇ ರೀತಿ. ದರ್ಜಿ ಬಟ್ಟೆಗೆ ಕತ್ತರಿ ಹಾಕದೆ 'ಇಲ್ಲಿ ಎರಡು ಇಂಚು ಹಿಡಿ' ಎಂದು ಚೀಟಿ ಸಿಕ್ಕಿಸಿದ ಹಾಗೆ, ಏನೇನು ಬದಲಿಸಬೇಕು ಎಂಬ ಸೂಚನೆಯನ್ನಷ್ಟೇ ಅವು ಬರೆದಿಟ್ಟುಕೊಳ್ಳುತ್ತವೆ. ಕೊನೆಗೆ ಎಕ್ಸ್‌ಪೋರ್ಟ್ ಮಾಡಿದಾಗ ಆ ಸೂಚನೆಗಳ ಪ್ರಕಾರ ಹೊಸ ಫೈಲ್ ತಯಾರಾಗುತ್ತದೆ. ಹಾಗಾಗಿ ಧೈರ್ಯವಾಗಿ ಪ್ರಯೋಗ ಮಾಡಬಹುದು. ಒಂದೇ ಎಚ್ಚರಿಕೆ ಇದೆ. ಆ ಸೂಚನೆಗಳು ಕ್ಯಾಟಲಾಗ್ ಎಂಬ ಸಾಫ್ಟ್‌ವೇರ್‌ನ ದಾಖಲೆ ಫೈಲಿನಲ್ಲೋ ಪಕ್ಕದ ಪುಟ್ಟ ಫೈಲಿನಲ್ಲೋ ಇರುತ್ತವೆ. ರಾ ಫೈಲ್‌ಗಳನ್ನು ಮಾತ್ರ ಬ್ಯಾಕಪ್ ಮಾಡಿ ಅವನ್ನು ಬಿಟ್ಟರೆ, ಎಷ್ಟೋ ದಿನದ ಎಡಿಟಿಂಗ್ ಹೋಯಿತು.

ಮದುವೆ ಫೋಟೋದಲ್ಲಿ ಅತಿ ಹೆಚ್ಚು ಕಾಡುವುದು ಬೆರಕೆ ಬೆಳಕು. ಬೆಳಕಿಗೂ ಒಂದು ಬಣ್ಣ ಇದೆ. ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ದೀಪದ ಜ್ವಾಲೆ ಸುಮಾರು 1,900 ಕೆಲ್ವಿನ್, ಹಳದಿ ಬಲ್ಬ್ 2,700ರಿಂದ 3,200, ಮಧ್ಯಾಹ್ನದ ಬಿಸಿಲು 5,500ರ ಹತ್ತಿರ, ನೆರಳು 7,000ಕ್ಕಿಂತ ಮೇಲೆ. ಸಂಖ್ಯೆ ಕಡಿಮೆ ಇದ್ದಷ್ಟೂ ಬೆಳಕು ಕೇಸರಿ, ಹೆಚ್ಚಿದಷ್ಟೂ ನೀಲಿ. ನಮ್ಮ ಕಣ್ಣು-ಮಿದುಳು ಇದಕ್ಕೆ ತಾವಾಗಿ ಹೊಂದಿಕೊಳ್ಳುತ್ತವೆ. ಬಿಳಿ ಬಟ್ಟೆ ಎಲ್ಲಿದ್ದರೂ ನಮಗೆ ಬಿಳಿಯೇ. ಕ್ಯಾಮೆರಾ ಹಾಗೆ ಹೊಂದಿಕೊಳ್ಳುವುದಿಲ್ಲ, ಅದಕ್ಕೆ 'ಇದೇ ಬಿಳಿ' ಎಂದು ಹೇಳಿಕೊಡಬೇಕು. ವೈಟ್ ಬ್ಯಾಲೆನ್ಸ್ ಎಂದರೆ ಅಷ್ಟೇ.

ಒಂದೇ ಬಗೆಯ ಬೆಳಕಿದ್ದರೆ ಒಂದು ಸ್ಲೈಡರ್ ಸರಿಸಿದರೆ ಮುಗಿಯಿತು. ಆದರೆ ಮದುವೆ ಮನೆಯಲ್ಲಿ ಒಂದು ಕಡೆ ಕಿಟಕಿಯ ಹಗಲು, ಮೇಲೆ ಹಳದಿ ಬಲ್ಬ್, ಹಿಂದೆ ನೇರಳೆ ಅಲಂಕಾರದ ಎಲ್‌ಇಡಿ. ಕೆನ್ನೆಯ ಒಂದು ಭಾಗ ನೀಲಿ, ಇನ್ನೊಂದು ಭಾಗ ಕೇಸರಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಆಗ ಮುಖ್ಯ ಮುಖದ ಮೇಲೆ ಬಿದ್ದ ಮುಖ್ಯ ಬೆಳಕನ್ನು ಹಿಡಿದು ಅದಕ್ಕೆ ಹೊಂದಿಸಬೇಕು. ಉಳಿದ ಭಾಗಕ್ಕೆ ಮಾಸ್ಕ್ ಹಾಕಿ, ಅಂದರೆ ಅದನ್ನಷ್ಟೇ ಗುರುತು ಮಾಡಿಕೊಂಡು, ಬೇರೆಯಾಗಿ ಬಣ್ಣ ಇಳಿಸಬೇಕು. ಹಿನ್ನೆಲೆ ಸ್ವಲ್ಪ ಹಳದಿಯಾಗಿ ಉಳಿದರೆ ಯಾರಿಗೂ ತೊಂದರೆ ಇಲ್ಲ, ಆ ಹೊತ್ತಿನ ಬೆಚ್ಚಗಿನ ವಾತಾವರಣ ಹಾಗೇ ಇತ್ತು. ಮುಖ ಹಸಿರಾದರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ನೇರಳೆ ಎಲ್‌ಇಡಿ ಮುಖವನ್ನೇ ನುಂಗಿಬಿಟ್ಟಿದ್ದರೆ ಆ ಫೋಟೋವನ್ನು ಕಪ್ಪು-ಬಿಳುಪಿಗೆ ತಿರುಗಿಸುವುದು ಒಳ್ಳೆಯ ದಾರಿ. ಬಣ್ಣ ಹೋಗುತ್ತದೆ, ಮುಖಭಾವ ಉಳಿಯುತ್ತದೆ.

700 ಫೋಟೋಗಳನ್ನು ಒಂದೊಂದಾಗಿ ತಿದ್ದುತ್ತಾ ಕೂತರೆ ಮುಗಿಯುವುದಿಲ್ಲ. ಒಂದಕ್ಕೊಂದು ಹೊಂದುವುದೂ ಇಲ್ಲ. ಕೆಲಸ ಬಲ್ಲವರು ದಿನವನ್ನು ಬೆಳಕಿನ ಪ್ರಕಾರ ತುಂಡು ಮಾಡುತ್ತಾರೆ. ಬೆಳಿಗ್ಗೆ ಕೋಣೆಯ ಒಳಗೆ, ಮಧ್ಯಾಹ್ನ ಹೊರಗೆ, ಸಂಜೆ ದೀಪದಲ್ಲಿ. ಪ್ರತಿ ತುಂಡಿನಿಂದ ಒಂದು ಫೋಟೋ ಆರಿಸಿ ಅದನ್ನು ತೃಪ್ತಿಯಾಗುವ ತನಕ ತಿದ್ದುತ್ತಾರೆ. ಮೊದಲು ವೈಟ್ ಬ್ಯಾಲೆನ್ಸ್, ಆಮೇಲೆ ಒಟ್ಟು ಬೆಳಕು, ಆಮೇಲೆ ಕಾಂಟ್ರಾಸ್ಟ್. ಅದೇ ಸೂಚನೆಗಳನ್ನು ಆ ತುಂಡಿನ ಉಳಿದ ಫೋಟೋಗಳಿಗೆ ನಕಲು ಮಾಡಿ, ಒಂದೊಂದರಲ್ಲೂ ಸಣ್ಣಪುಟ್ಟ ಹೊಂದಾಣಿಕೆ ಮಾಡುತ್ತಾರೆ. ಕೊನೆಗೆ ಎಲ್ಲವನ್ನೂ ಪುಟ್ಟ ಚಿತ್ರಗಳಾಗಿ ಒಟ್ಟಿಗೆ ಹರಡಿ ನೋಡಿದರೆ ಯಾವುದು ಗುಂಪಿಗೆ ಸೇರದೆ ನಿಂತಿದೆ ಎಂದು ಥಟ್ಟನೆ ಕಾಣುತ್ತದೆ.

ಪ್ರೀಸೆಟ್‌ಗಳ ಬಗ್ಗೆ ಒಂದು ಮಾತು. ಅದು ಬರೆದಿಟ್ಟ ಸೂಚನೆಗಳ ಗಂಟು, ಅಷ್ಟೇ. ಬಿಸಿಲಿನ ಫೋಟೋಗೆ ಮಾಡಿದ ಪ್ರೀಸೆಟ್ ಹಳದಿ ಬಲ್ಬಿನ ಕೆಳಗೆ ತೆಗೆದ ಮುಖಕ್ಕೆ ಹೊಂದುವುದಿಲ್ಲ. ಮೊದಲು ಬೆಳಕು ಸರಿಮಾಡಿ, ಆಮೇಲೆ ಪ್ರೀಸೆಟ್ ಹಾಕಬೇಕು. ಮಾಸಿದ ಬಣ್ಣ, ಕಂದು ಛಾಯೆ, ಕಿತ್ತಳೆ ಚರ್ಮದಂತಹ ಫ್ಯಾಷನ್‌ಗಳು ಬರುತ್ತವೆ, ಹೋಗುತ್ತವೆ. ಮದುವೆ ಫೋಟೋವನ್ನು ಹಲವು ವರ್ಷ ನೋಡುವವರಿಗೆ, ಬಟ್ಟೆಯ ಕೆಂಪು ಕೆಂಪಾಗಿಯೇ ಕಾಣುವ ಎಡಿಟಿಂಗ್ ಒಳ್ಳೆಯದು ಎಂದು ನಾನು ಹೇಳುತ್ತೇನೆ.

ಎಡಿಟ್ ಮಾಡುವ ಪರದೆಯೇ ತಪ್ಪು ತೋರಿಸುತ್ತಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಹೆಚ್ಚಿನ ಮಾನಿಟರ್‌ಗಳು ಅಗತ್ಯಕ್ಕಿಂತ ಪ್ರಖರವಾಗಿ ಬರುತ್ತವೆ. ಅದರಲ್ಲಿ ಸರಿ ಎನಿಸಿದ ಫೋಟೋ ಪ್ರಿಂಟ್‌ನಲ್ಲಿ ಕಪ್ಪಾಗಿ ಬರುತ್ತದೆ. ಪ್ರಿಂಟ್‌ಗೆ ಹೋಗುವ ಕೆಲಸದಲ್ಲಿ ಪರದೆಯ ಪ್ರಖರತೆಯನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಒಳಗೆ, ಬಿಳಿಯನ್ನು 6,500 ಕೆಲ್ವಿನ್ ಹತ್ತಿರ ಇಡುವುದು ರೂಢಿ. ಅಳೆಯುವ ಸಾಧನ ಇಲ್ಲದಿದ್ದರೆ ಕನಿಷ್ಠ ನೈಟ್ ಮೋಡ್ ಆಫ್ ಮಾಡಿ, ಕೋಣೆಯ ಬೆಳಕು ಬದಲಾಗದ ಕಡೆ ಕೂತು ಕೆಲಸ ಮಾಡಿ.

ಮುಖವನ್ನು ಎಷ್ಟು ತಿದ್ದಬಹುದು

ಅಂದು ಬೆಳಿಗ್ಗೆ ಎದ್ದ ಮೊಡವೆ ತೆಗೆಯಬಹುದು. ಹುಟ್ಟಿನಿಂದ ಇರುವ ಮಚ್ಚೆ ತೆಗೆಯಬಾರದು. ನಾನು ಹಿಡಿಯುವ ಗೆರೆ ಇಷ್ಟೇ: ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು ತೆಗೆಯಬಹುದು, ಉಳಿಯುವಂಥದ್ದನ್ನು ಕೇಳದೆ ಮುಟ್ಟಬಾರದು. ಗುಂಪು ಫೋಟೋದಲ್ಲಿ ಒಬ್ಬರ ಕಣ್ಣು ಮುಚ್ಚಿದ್ದರೆ, ಮರುಕ್ಷಣದ ಇನ್ನೊಂದು ಫೋಟೋದಿಂದ ಅವರದೇ ಮುಖ ತಂದು ಕೂರಿಸುವುದು ನನಗೆ ಒಪ್ಪಿಗೆ. ಅದು ಅವರೇ, ಅದೇ ಹೊತ್ತು. ಚರ್ಮವನ್ನು ರಂಧ್ರವೇ ಇಲ್ಲದ ಪ್ಲಾಸ್ಟಿಕ್ ಮಾಡುವುದು, ಸೊಂಟ ಸಣ್ಣ ಮಾಡುವುದು ಒಪ್ಪಿಗೆಯಲ್ಲ.

ಅದಕ್ಕಿಂತ ಕೆಟ್ಟದ್ದು ಮೈಬಣ್ಣ ಬಿಳಿಚಿಸುವುದು. ಮುಖದ ಮೇಲೆ ಬೆಳಕು ಕಮ್ಮಿ ಬಿದ್ದಿದ್ದರೆ ಅದನ್ನು ಸರಿದೂಗಿಸುವುದು ಬೇರೆ. ಮನುಷ್ಯರ ಬಣ್ಣವನ್ನೇ ಬದಲಿಸುವುದು ಬೇರೆ. ಎರಡೂ ಒಂದೇ ಸ್ಲೈಡರ್‌ನಿಂದ ಆಗುತ್ತದೆ, ಅದಕ್ಕೇ ಜಾಗ್ರತೆ ಬೇಕು. ಪಕ್ಕದಲ್ಲಿ ನಿಂತವರ ಕೈ, ಕುತ್ತಿಗೆ, ಅದೇ ವ್ಯಕ್ತಿಯ ಹಗಲಿನ ಫೋಟೋ ಇವನ್ನೆಲ್ಲ ಹೋಲಿಸಿ ನೋಡಿದರೆ ಗೆರೆ ದಾಟಿದ್ದು ಗೊತ್ತಾಗುತ್ತದೆ. ತಮ್ಮ ಮದುವೆಯ ಫೋಟೋದಲ್ಲಿ ತಮ್ಮನ್ನೇ ಗುರುತಿಸಲಾಗದಂತೆ ಯಾರಿಗೂ ಮಾಡಬಾರದು.

ಎಕ್ಸ್‌ಪೋರ್ಟ್: ಎರಡನೇ ಫೈಲ್ ಹುಟ್ಟುವ ಹೊತ್ತು

ಇಲ್ಲಿ ನೋಡಬೇಕಾದ್ದು ಬಣ್ಣದ ಜಾಗ, ಅಳತೆ, ಗುಣಮಟ್ಟ. ಬಣ್ಣದ ಜಾಗ (ಕಲರ್ ಸ್ಪೇಸ್) ಎಂದರೆ ಫೈಲಿನಲ್ಲಿ ಎಷ್ಟು ಹರವಿನ ಬಣ್ಣ ಹಿಡಿಸುತ್ತದೆ ಎನ್ನುವ ಗಡಿ. ಅದು ಎಸ್‌ಆರ್‌ಜಿಬಿ ಇರಲಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಸೇರಿ ಮುಂದಿಟ್ಟ ಇದು 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಹೆಚ್ಚಿನ ಪರದೆಗಳು, ಬ್ರೌಸರ್‌ಗಳು, ಪ್ರಿಂಟ್ ಲ್ಯಾಬ್‌ಗಳು ಇದನ್ನೇ ನಿರೀಕ್ಷಿಸುತ್ತವೆ. ಅಡೋಬ್ ಆರ್‌ಜಿಬಿಯಲ್ಲಿ ಬಣ್ಣದ ಹರವು ಜಾಸ್ತಿ ಇದೆ ನಿಜ. ಆದರೆ ಅದನ್ನು ಅರ್ಥಮಾಡಿಕೊಳ್ಳದ ಆಪ್‌ನಲ್ಲಿ ಅದೇ ಫೋಟೋ ಸಪ್ಪೆಯಾಗಿ ಕಾಣುತ್ತದೆ. 'ನಿಮ್ಮ ಫೋಟೋ ನನ್ನ ಮೊಬೈಲಿನಲ್ಲಿ ಮಂಕಾಗಿದೆ' ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಅಳತೆಯ ಲೆಕ್ಕ ಸುಲಭ. 24 ಮೆಗಾಪಿಕ್ಸೆಲ್ ಫೋಟೋದಲ್ಲಿ 6,000 × 4,000 ಪಿಕ್ಸೆಲ್ ಇರುತ್ತವೆ. ಕೈಯಲ್ಲಿ ಹಿಡಿದು ನೋಡುವ ಒಳ್ಳೆಯ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಎಂಬುದು ರೂಢಿ. ಭಾಗಿಸಿದರೆ 20 × 13.3 ಇಂಚು ಬಂತು. ಗೋಡೆಗೆ ಹಾಕುವ ದೊಡ್ಡ ಪ್ರಿಂಟನ್ನು ದೂರದಿಂದ ನೋಡುತ್ತೇವೆ. ಅದಕ್ಕೆ ಇಂಚಿಗೆ 150 ಇದ್ದರೂ ನಡೆಯುತ್ತದೆ. ಗ್ಯಾಲರಿಗೆ ಹಾಕುವ ಪ್ರತಿಯನ್ನು ಈ ಪೂರ್ತಿ ಅಳತೆಯಲ್ಲೇ ಇಡಿ. ಜೆಪೆಗ್ ಗುಣಮಟ್ಟ 100 ಬೇಕಿಲ್ಲ. 85-90ರಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ, ಫೈಲ್ ಮಾತ್ರ ಎಷ್ಟೋ ಹಗುರ. ಆದರೆ ಒಂದೇ ಜೆಪೆಗ್ ತೆರೆದು, ತಿದ್ದಿ, ಮತ್ತೆ ಮತ್ತೆ ಸೇವ್ ಮಾಡಬೇಡಿ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟುಬಿಡುತ್ತದೆ. ಪ್ರತಿ ಸಲ ತಿದ್ದಿ ಸೇವ್ ಮಾಡಿದಾಗಲೂ ಇನ್ನಷ್ಟು ಬಿಡುತ್ತದೆ.

ಫೈಲ್ ಹೆಸರಿಗೂ ಸ್ವಲ್ಪ ಯೋಚನೆ ಬೇಕು. ಎರಡು ಕ್ಯಾಮೆರಾಗಳಲ್ಲಿ ಒಂದೇ ಸಂಖ್ಯೆಯ ಫೈಲ್‌ಗಳು ಇರಬಹುದು. ಕ್ಯಾಮೆರಾದ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸಮಯದ ಪ್ರಕಾರ ಜೋಡಿಸಿ, 0001, 0002 ಎಂದು ಹೊಸ ಸಂಖ್ಯೆ ಕೊಟ್ಟು ಎಕ್ಸ್‌ಪೋರ್ಟ್ ಮಾಡಿ. ಮುಂದೆ ಮನೆಯವರು '0342 ದೊಡ್ಡದು ಮಾಡಿಸಿ' ಎಂದಾಗ ಇಬ್ಬರೂ ಒಂದೇ ಫೋಟೋ ನೋಡುತ್ತಿರುತ್ತೀರಿ. ಗ್ಯಾಲರಿ ಹಂಚಿದ ಮೇಲೆ ಈ ಸಂಖ್ಯೆಗಳನ್ನು ಬದಲಿಸಲೇಬೇಡಿ.

ಗ್ಯಾಲರಿ ಒಳಗೆ ಏನು ನಡೆಯುತ್ತದೆ

ಪಿಕ್ಸಿಸೆಟ್, ಪಿಕ್-ಟೈಮ್, ಸ್ಮಗ್‌ಮಗ್‌ನಂತಹ ಸೇವೆಗಳಿವೆ. ಸ್ವಂತ ಸರ್ವರ್ ನಡೆಸಬಲ್ಲವರಿಗೆ ಪಿವಿಗೋ, ಇಮಿಚ್‌ನಂತಹ ಮುಕ್ತ ತಂತ್ರಾಂಶಗಳೂ ಇವೆ. ಕೆಲಸ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ. ನೀವು 10 ಎಂಬಿಯ ಫೋಟೋ ಹಾಕಿದ ಕೂಡಲೇ ಸರ್ವರ್ ಅದರಿಂದ ಹಲವು ಅಳತೆಯ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಸಾಲುಸಾಲಾಗಿ ತೋರಿಸಲು ಪುಟ್ಟದು, ಮೊಬೈಲಿಗೆ ಮಧ್ಯಮ, ದೊಡ್ಡ ಪರದೆಗೆ ದೊಡ್ಡದು. ನೋಡುವವರ ಸಾಧನಕ್ಕೆ ತಕ್ಕದ್ದನ್ನು ಮಾತ್ರ ಕಳಿಸುತ್ತದೆ. ಅದೂ ಬೆರಳು ಜಾರಿಸಿ ಕೆಳಗೆ ಹೋದ ಹಾಗೆ ಒಂದಷ್ಟು ಒಂದಷ್ಟಾಗಿ. ನಿಮ್ಮ ದೊಡ್ಡ ಫೈಲ್ ಡೌನ್‌ಲೋಡ್‌ಗಾಗಿ ಹಿಂದೆ ಇರುತ್ತದೆ. ಅಂದರೆ ಮೂರನೇ ಬಗೆಯ ಪ್ರತಿಯನ್ನು ಗ್ಯಾಲರಿಯೇ ಮಾಡಿಕೊಳ್ಳುತ್ತದೆ. 'ಬೇಗ ತೆರೆಯಲಿ' ಎಂದು ಚಿಕ್ಕ ಫೋಟೋ ಹಾಕಬೇಕಾಗಿಲ್ಲ. ಹಾಗೆ ಹಾಕಿದರೆ ದೊಡ್ಡ ಪ್ರತಿ ಎಲ್ಲಿಯೂ ಇರುವುದಿಲ್ಲ.

ಅಪ್‌ಲೋಡ್‌ಗೆ ಹೊತ್ತು ಹಿಡಿಯುತ್ತದೆ. 700 ಫೋಟೋ, ತಲಾ 10 ಎಂಬಿ ಎಂದರೆ 7 ಜಿಬಿ. ಇಂಟರ್ನೆಟ್ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲನ್ನು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಅಪ್‌ಲೋಡ್ ವೇಗದಲ್ಲಿ 7 ಜಿಬಿ ಏರಲು ಒಂದೂವರೆ ಗಂಟೆಗಿಂತ ಜಾಸ್ತಿ ಬೇಕು.

ಜೋಡಣೆ ನೋಡುವವರ ಕಣ್ಣಿನಿಂದ ಆಗಬೇಕು. ಲಿಂಕ್ ತೆರೆದ ನೆಂಟರು 700 ಫೋಟೋ ನೋಡುವುದಿಲ್ಲ. ಅವರಿಗೆ ಬೇಕಾಗಿರುವುದು ಮದುಮಕ್ಕಳು, ಮತ್ತೆ ತಾವು. ಮೊದಲ ಭಾಗದಲ್ಲಿ ಇಡೀ ದಿನವನ್ನು ಹೇಳುವ ಐವತ್ತು-ಅರವತ್ತು ಫೋಟೋ ಇಡಿ. ಆಮೇಲೆ ದಿನದ ಕ್ರಮದಲ್ಲೇ ಭಾಗಗಳು. ಗುಂಪು ಫೋಟೋಗಳಿಗೆ ಬೇರೆಯೇ ಒಂದು ಭಾಗ ಇದ್ದರೆ ಎಲ್ಲರೂ ಬೇಗ ತಮ್ಮನ್ನು ಹುಡುಕಿಕೊಳ್ಳುತ್ತಾರೆ. ಆಲ್ಬಮ್‌ಗೆ ಆರಿಸುವಾಗ ಗ್ಯಾಲರಿಯ ಹೃದಯದ ಗುರುತನ್ನೇ ಒತ್ತಲು ಹೇಳಿ. ಸ್ಕ್ರೀನ್‌ಶಾಟ್ ಕಳಿಸಿದರೆ ಅದರಲ್ಲಿ ಫೈಲಿನ ಹೆಸರು ಇರುವುದಿಲ್ಲ, ಹುಡುಕುವುದೇ ಒಂದು ಕೆಲಸವಾಗುತ್ತದೆ.

ನೆಂಟರು ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನೂ ಸೇರಿಸಬೇಕೆಂದಿದ್ದರೆ, ಅವನ್ನು ಗ್ಯಾಲರಿಯ ಅಪ್‌ಲೋಡ್ ಲಿಂಕ್ ಮೂಲಕವೇ ತರಿಸಿಕೊಳ್ಳಿ. ಮೆಸೇಜ್ ಆಪ್‌ನಲ್ಲಿ ಫೋಟೋವಾಗಿ ಬಂದರೆ ಅಳತೆ ಕುಗ್ಗುತ್ತದೆ, ತೆಗೆದ ಸಮಯವೂ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಆಮೇಲೆ ಜೋಡಿಸಲು ಆಗುವುದಿಲ್ಲ.

ಬಾಗಿಲಿಗೆ ಬೀಗ

ಗುಟ್ಟಿನ ಲಿಂಕ್ ಬೀಗವಲ್ಲ. ಅದು ಊಹಿಸಲು ಕಷ್ಟವಾದ ವಿಳಾಸ, ಅಷ್ಟೇ. ಒಬ್ಬರು ಫಾರ್ವರ್ಡ್ ಮಾಡಿದರೆ ಯಾರ ಕೈಗೆ ಬೇಕಾದರೂ ಹೋಗಬಹುದು. ನೋಡಲು ಪಾಸ್‌ವರ್ಡ್ ಇಡಿ. ಡೌನ್‌ಲೋಡ್‌ಗೆ ಬೇರೆ ಪಿನ್ ಇಟ್ಟರೆ, ಎಲ್ಲರೂ ನೋಡಬಹುದು, ಮನೆಯವರು ಮಾತ್ರ ದೊಡ್ಡ ಪ್ರತಿ ಇಳಿಸಿಕೊಳ್ಳಬಹುದು. ಸರ್ಚ್ ಎಂಜಿನ್‌ಗೆ ಕಾಣಿಸದಂತೆ ಮಾಡುವ ಆಯ್ಕೆ ಆನ್ ಆಗಿದೆಯೇ ನೋಡಿ. ತಯಾರಾಗುವಾಗ ಕೋಣೆಯೊಳಗೆ ತೆಗೆದ ಫೋಟೋ, ಮಕ್ಕಳ ಫೋಟೋ, ಅಳುತ್ತಿರುವವರ ಫೋಟೋ ಇವನ್ನೆಲ್ಲ ಮದುಮಕ್ಕಳಿಗೆ ಮಾತ್ರ ಕಾಣುವ ಭಾಗಕ್ಕೆ ಸೇರಿಸಿ, ಉಳಿದವರಿಗೆ ಏನು ತೋರಿಸಬೇಕು ಎನ್ನುವುದನ್ನು ಅವರಿಗೇ ಬಿಡಿ.

ಮೊಬೈಲ್ ಫೋಟೋಗಳಲ್ಲಿ ತೆಗೆದ ಜಾಗದ ಗುರುತೂ ಇರಬಹುದು. ಮನೆಯಲ್ಲಿ ತೆಗೆದ ಫೋಟೋ ಆದರೆ ಅದು ಮನೆಯ ವಿಳಾಸವೇ. ಎಕ್ಸ್‌ಪೋರ್ಟ್ ಮಾಡುವಾಗ ಜಾಗದ ಮಾಹಿತಿ ಮಾತ್ರ ತೆಗೆಯಿರಿ, ಸಮಯ ಇರಲಿ. ಸೆಲ್ಫಿ ಕೊಟ್ಟರೆ ನಿಮ್ಮ ಫೋಟೋಗಳನ್ನೆಲ್ಲ ಹುಡುಕಿಕೊಡುವ ಸೌಲಭ್ಯ ಈಗ ಹಲವು ಗ್ಯಾಲರಿಗಳಲ್ಲಿದೆ. ತುಂಬಾ ಅನುಕೂಲ. ಆದರೆ ಅದು ಕೆಲಸ ಮಾಡಲು ಎಲ್ಲರ ಮುಖದ ಅಳತೆ ತೆಗೆಯಬೇಕು. ಯೂರೋಪಿನ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಹೀಗೆ ಗುರುತು ಹಿಡಿಯಲು ಬಳಸುವ ಮುಖದ ಮಾಹಿತಿಯನ್ನು ವಿಶೇಷ ರಕ್ಷಣೆ ಬೇಕಾದ ವರ್ಗಕ್ಕೆ ಸೇರಿಸಿದೆ. ಕಾನೂನು ಏನೇ ಇರಲಿ, ಮನೆಯವರನ್ನು ಕೇಳಿಯೇ ಅದನ್ನು ಆನ್ ಮಾಡುವುದು ಸರಿ.

ಹಂಚುವುದು, ಇಳಿಸಿಕೊಳ್ಳುವುದು

ಪ್ರಿಂಟ್ ಮಸುಕಾಗುವುದರ ಕಾರಣ ಈಗ ಹೇಳಬಹುದು. ವಾಟ್ಸ್‌ಆಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದ ಉದ್ದ ಸುಮಾರು 1,600 ಪಿಕ್ಸೆಲ್‌ಗೆ ಇಳಿಯುತ್ತದೆ. 300ರಿಂದ ಭಾಗಿಸಿ: ಐದೂಕಾಲು ಇಂಚು ಚಿಲ್ಲರೆ. ಪೋಸ್ಟ್‌ಕಾರ್ಡ್ ಅಳತೆಗೆ ಸರಿ. ಅದನ್ನೇ 18 ಇಂಚಿಗೆ ಎಳೆದರೆ ಇಂಚಿಗೆ 90 ಪಿಕ್ಸೆಲ್ ಕೂಡ ಉಳಿಯುವುದಿಲ್ಲ. ಮೊಬೈಲ್ ಪರದೆ ಚಿಕ್ಕದು, ಅದರಲ್ಲಿ ಈ ಕೊರತೆ ಗೊತ್ತಾಗುವುದೇ ಇಲ್ಲ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಸ್ವಲ್ಪ ಉತ್ತಮ, ಆದರೂ ಅದು ಮೂಲ ಪ್ರತಿಯಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಫೈಲ್ ಹಾಗೇ ಹೋಗುತ್ತದೆ. ಹಾಗಾಗಿ ಪ್ರಿಂಟ್‌ಗೆ ಕೊಡುವ ಫೋಟೋವನ್ನು ವಾಟ್ಸ್‌ಆಪ್ ಗುಂಪಿನಲ್ಲಿ ಬಂದದ್ದರಿಂದ ತೆಗೆದುಕೊಳ್ಳಬೇಡಿ. ಗ್ಯಾಲರಿಗೆ ಹೋಗಿ, ದೊಡ್ಡ ಅಳತೆ ಆರಿಸಿ, ಇಳಿಸಿಕೊಳ್ಳಿ. ಗ್ಯಾಲರಿಯಲ್ಲಿ 'ವೆಬ್ ಸೈಜ್' ಎಂಬ ಇನ್ನೊಂದು ಆಯ್ಕೆಯೂ ಇರುತ್ತದೆ. ಸಾಮಾನ್ಯವಾಗಿ ಉದ್ದ 2,000 ಪಿಕ್ಸೆಲ್ ಆಸುಪಾಸು. ಹಂಚಲು ಅದೇ ಸಾಕು, ಬೇಗ ಹೋಗುತ್ತದೆ.

ಪೂರ್ತಿ ಗ್ಯಾಲರಿಯನ್ನು ಇಳಿಸಿಕೊಳ್ಳಲು ಕಂಪ್ಯೂಟರ್ ಬಳಸಿ. ಮೊಬೈಲಿನಲ್ಲಿ 7 ಜಿಬಿಯ ಜಿಪ್ ಫೈಲ್ ಅರ್ಧಕ್ಕೇ ನಿಲ್ಲುವುದು ಸಾಮಾನ್ಯ. ಬಿಡಿಸಲು ಮತ್ತೆ ಅಷ್ಟೇ ಜಾಗ ಬೇಕು. ಎಫ್‌ಎಟಿ32 ರೀತಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ಗೆ 4 ಜಿಬಿಗಿಂತ ದೊಡ್ಡ ಒಂಟಿ ಫೈಲ್ ಹೋಗುವುದಿಲ್ಲ. 'ಜಾಗ ಇದ್ದರೂ ಕಾಪಿ ಆಗುತ್ತಿಲ್ಲ' ಎನ್ನುವವರ ಸಮಸ್ಯೆ ಹೆಚ್ಚಾಗಿ ಇದೇ. ಜಿಪ್ ಬಿಡಿಸಿ ಫೋಟೋಗಳನ್ನು ನೇರವಾಗಿ ಹಾಕಿದರೆ ಹೋಗುತ್ತವೆ.

ಗೂಗಲ್ ಫೋಟೋಸ್‌ನಂತಹ ಕಡೆಗೆ ಹಾಕುವಾಗಲೂ ಸೆಟ್ಟಿಂಗ್ ನೋಡಿ. ಅದರ 'ಸ್ಟೋರೇಜ್ ಸೇವರ್' ಆಯ್ಕೆ ಫೋಟೋವನ್ನು ಒತ್ತಿ ಚಿಕ್ಕದು ಮಾಡುತ್ತದೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದನ್ನು ಅಲ್ಲಿಗೆ ಇಳಿಸುತ್ತದೆ. ಸಿಂಕ್ ಆಗುವ ಕ್ಲೌಡ್ ಅನ್ನು ಬ್ಯಾಕಪ್ ಎಂದುಕೊಳ್ಳಬೇಡಿ. ಮೊಬೈಲಿನಲ್ಲಿ ಅಳಿಸಿದರೆ ಅಲ್ಲಿಯೂ ಅಳಿಸಿಹೋಗಬಹುದು.

ಗ್ಯಾಲರಿಯೂ ಶಾಶ್ವತವಲ್ಲ. ಫೋಟೋಗ್ರಾಫರ್ ಅದಕ್ಕೆ ಬಾಡಿಗೆ ಕಟ್ಟುತ್ತಿರುತ್ತಾರೆ, ಅವಧಿ ಮುಗಿದ ಮೇಲೆ ಅದು ಮುಚ್ಚುತ್ತದೆ. ಆ ದಿನಾಂಕ ಯಾವುದು, ರಾ ಫೈಲ್‌ಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಎರಡನ್ನೂ ಲಿಂಕ್ ಬಂದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಡೌನ್‌ಲೋಡ್ ಮುಗಿದ ಮೇಲೆ ಫೋಲ್ಡರ್‌ನಲ್ಲಿರುವ ಫೈಲ್‌ಗಳ ಸಂಖ್ಯೆ ಗ್ಯಾಲರಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿ. ಮೊದಲಿನದು, ನಡುವಿನದು, ಕೊನೆಯದು ಹೀಗೆ ಕೆಲವನ್ನು ತೆರೆದು, ಪಿಕ್ಸೆಲ್ ಅಳತೆ 6,000ದ ಆಸುಪಾಸು ಇದೆಯೋ 2,000 ಇದೆಯೋ ಪರೀಕ್ಷಿಸಿ. 2,000 ಇದ್ದರೆ ನೀವು ಇಳಿಸಿಕೊಂಡಿದ್ದು ವೆಬ್ ಸೈಜ್. ಗ್ಯಾಲರಿ ತೆರೆದಿರುವಾಗಲೇ ಹಿಂದೆ ಹೋಗಿ ದೊಡ್ಡದನ್ನು ಇಳಿಸಿಕೊಂಡು, ಎರಡು ಡಿಸ್ಕ್‌ಗೆ ಹಾಕಿ. ಒಂದು ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿರುವ ಹತ್ತಿರದವರ ಬಳಿ.